ಇಪ್ಪತ್ತನಾಲ್ಕು ಡಬ್ಬ ಸಿಗಡಿ ಮರಿ

ಸಿಗಡಿ ಮರಿ ಎಂದರೆ ಕಣ್ಣರೆಪ್ಪೆಯ ಒಂದು ಕೂದಲಿನಷ್ಟು, ಅಷ್ಟೇ. ನೀರಿನಲ್ಲಿ ನೋಡಿದರೆ ಎರಡು ಕಪ್ಪು ಚುಕ್ಕೆ ಕಾಣುತ್ತವೆ, ಅವು ಕಣ್ಣು. ಉಳಿದ ಮೈಯೆಲ್ಲ ಗಾಜು, ಹುಡುಕಿದರೆ ಮಾತ್ರ ಸಿಗುತ್ತದೆ. ಬದುಕಿದೆಯೋ ಸತ್ತಿದೆಯೋ ತಿಳಿಯಬೇಕಾದರೆ ಬಟ್ಟಲನ್ನು ಬೆರಳಿನಿಂದ ತಟ್ಟಬೇಕು. ಬದುಕಿದ್ದರೆ ಚಿಮ್ಮುತ್ತದೆ. ನಾನು ಮೊದಲ ಸಲ ತಟ್ಟಿದಾಗ ಮರಿಗಳೆಲ್ಲ ಒಟ್ಟಿಗೆ ಚಿಮ್ಮಿದವು, ಅವುಗಳ ಜೊತೆ ನಾನೂ ಚಿಮ್ಮಿ ಹಿಂದಕ್ಕೆ ಹೋದೆ. ನನ್ನ ಸ್ವಭಾವವೇ ಹಾಗೆ. ಕುಕ್ಕರ್ ಕೂಗಿದರೆ ಬೆಚ್ಚುವವಳು, ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು. ಅಂಜುಬುರುಕಿ ಎಂದು ಮನೆಯಲ್ಲಿ ಕರೆಯುತ್ತಿದ್ದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ಜೋಗುಪಾಳ್ಯದ ಒಂದು ಗಲ್ಲಿಯ ತುದಿಯಲ್ಲಿ, ಕಲ್ಲುಚಪ್ಪಡಿ ಹಾಸಿದ ಶೆಡ್ಡಿನಲ್ಲಿ ನನ್ನ ಕೆಲಸ. ನಮ್ಮ ಮಾಲೀಕರು ಬಹಳ ವರ್ಷದಿಂದ ಅಕ್ವೇರಿಯಂ ಮೀನಿನ ವ್ಯಾಪಾರ ಮಾಡಿದವರು, ಸಿಗಡಿಗೆ ಹೊಸಬರು. ಮದ್ರಾಸಿನ ಕಡೆಯ ಸಮುದ್ರದ ದಡದಲ್ಲಿ ಒಂದು ಹ್ಯಾಚರಿ, ಅಂದರೆ ಮೊಟ್ಟೆಯೊಡೆಸಿ ಮರಿ ಮಾಡುವ ಜಾಗ. ಅಲ್ಲಿಂದ ಮರಿಗಳು ಪ್ಲಾಸ್ಟಿಕ್ ಚೀಲಗಳಲ್ಲಿ, ಥರ್ಮಾಕೋಲ್ ಡಬ್ಬಗಳೊಳಗೆ, ಬೆಳಗಿನ ರೈಲಿನಲ್ಲಿ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬರುತ್ತಿದ್ದವು. ಜೊತೆಗೆ ಕ್ಯಾನುಗಳಲ್ಲಿ ಹೊಸ ಸಮುದ್ರದ ನೀರು. ನಾವು ಹಳೆ ನೀರು ತೆಗೆದು, ಹೊಸ ನೀರು ಹಾಕಿ, ಆಕ್ಸಿಜನ್ ತುಂಬಿ, ಕಟ್ಟಿ, ಸಂಜೆಯೊಳಗಿನ ವಿಮಾನದಲ್ಲಿ ಮಂಗಳೂರಿಗೆ ಕಳಿಸಬೇಕು. ಅಲ್ಲಿಂದ ಜೀಪಿನಲ್ಲಿ ಕುಂದಾಪುರದ ಕಡೆಯ ಹಿನ್ನೀರಿನ ಹೊಂಡಗಳಿಗೆ. ವಿಮಾನ ನಿಲ್ದಾಣ ಆಗ ಊರೊಳಗೇ ಇತ್ತು, ದೊಮ್ಮಲೂರು ದಾಟಿದರೆ ಸಿಗುತ್ತಿತ್ತು.

ಶೆಡ್ಡಿನಲ್ಲಿ ಕಟ್ಟುವ ಕೆಲಸ ಚಾಚಾ ಅವರದು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯವರು, ಮೂವತ್ತು ವರ್ಷ ಬಣ್ಣದ ಮೀನು ಕಟ್ಟಿ ಕಟ್ಟಿ ಪಳಗಿದ ಕೈ. ಚೀಲಕ್ಕೆ ಮೂರರಲ್ಲಿ ಒಂದು ಪಾಲು ನೀರು, ಮಿಕ್ಕಿದ್ದಕ್ಕೆ ಗಾಳಿ ತುಂಬಿ, ಬಾಯನ್ನು ತಿರುಚಿ ಮಡಚಿ ರಬ್ಬರ್ ಬ್ಯಾಂಡ್ ಸುತ್ತಿದರೆಂದರೆ ಚೀಲ ತಬಲದ ಹಾಗೆ ಬಿಗಿಯಾಗಿ ನಿಲ್ಲುತ್ತಿತ್ತು. ಒಂದು ವಿಚಿತ್ರವೆಂದರೆ, ದಿನವಿಡೀ ನೀರಿನಲ್ಲಿ ಕೈಯಿಟ್ಟು ಕೆಲಸ ಮಾಡುವ ಮನುಷ್ಯ ಯಾವಾಗಲೂ ತುಂಬು ತೋಳಿನ ಅಂಗಿ ಹಾಕಿ, ಮಣಿಕಟ್ಟಿನ ಗುಂಡಿ ಬಿಗಿದುಕೊಂಡಿರುತ್ತಿದ್ದರು. ತೋಳು ಒದ್ದೆಯಾಗಿ ಮೊಣಕೈವರೆಗೆ ನೀರು ಹತ್ತಿದರೂ ಮೇಲೆ ಮಡಚಿದ್ದು ನಾನು ನೋಡಿರಲಿಲ್ಲ.

ನಾನು ಎಣಿಸುವವಳು. ಇಂದಿರಾನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸಣ್ಣದನ್ನು ಎಣಿಸಿ ಅಭ್ಯಾಸವಿತ್ತು ಎಂದು ಮಾಲೀಕರು ಕರೆತಂದಿದ್ದರು. ಸಿಗಡಿಯ ಬಗ್ಗೆ ನನಗೆ ತಿಳಿದದ್ದೆಲ್ಲ ಹ್ಯಾಚರಿಯವರು ಡಬ್ಬದ ಜೊತೆ ಕಳಿಸುವ ಒಂದು ಕಾರ್ಬನ್ ಪ್ರತಿಯಲ್ಲಿ ಇದ್ದಷ್ಟೇ. ನೀರಿನ ಶಾಖ ಇಷ್ಟು, ಉಪ್ಪಿನಂಶ ಇಷ್ಟು, ಮರಿಗಳ ವಯಸ್ಸು ಇಷ್ಟು ದಿನ. ಕೊನೆಯ ಸಾಲಿನಲ್ಲಿ ಮಸುಕಾಗಿ ‘ಆರ್ಟೀಮಿಯಾ’ ಎಂಬ ಪದವಿತ್ತು. ಅದು ಔಷಧದ ಹೆಸರೋ ರೋಗದ ಹೆಸರೋ ಗೊತ್ತಾಗಲಿಲ್ಲ. ಕೇಳಿದರೆ ಇಷ್ಟೂ ಗೊತ್ತಿಲ್ಲದವಳನ್ನು ಯಾಕೆ ಕರೆತಂದೆವು ಎಂದಾರು ಎಂದು ಹೆದರಿ ಕೇಳಲಿಲ್ಲ. ಈ ಬರಹವೆಲ್ಲ ಆ ಒಂದು ಹೆದರಿಕೆಯ ಬಾಬತ್ತು.

ಮೊದಲನೇ ಸಲ ಮರಿ ಬಂದಾಗ ಟಬ್ಬಿಗೆ ಸುರಿದ ನೀರಿನಲ್ಲಿ ಕೆಂಪು ಧೂಳು ತೇಲುತ್ತಿತ್ತು. ಇಟ್ಟಿಗೆಪುಡಿ ಉದುರಿಸಿದ ಹಾಗೆ. ನೋಡುತ್ತಿದ್ದಂತೆ ಅದು ಮೆಲ್ಲಗೆ ಕಿಟಕಿಯ ಬೆಳಕಿನ ಕಡೆ ಸರಿಯಿತು.

“ಮೇಡಂ, ಇದೇನು ಕೆಂಪು ಕಚರಾ?” ಎಂದು ಚಾಚಾ ಕೇಳಿದರು. “ಸೋಸಿ ತೆಗೆದ್ಬಿಡ್ಲಾ?”

ಮೀನಿನ ಕೆಲಸದವರಿಗೆ ನೀರು ಕನ್ನಡಿಯ ಹಾಗಿರಬೇಕು. ಅಕ್ವೇರಿಯಂ ಮೀನನ್ನು ದೂರ ಕಳಿಸುವ ಮುಂಚೆ ಒಂದು ದಿನ ಉಪವಾಸ ಕೆಡವುತ್ತಾರೆ, ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಕೆಡುವುದಿಲ್ಲ ಎಂದು. ಚಾಚಾ ಕೇಳಿದ್ದು ಆ ಪದ್ಧತಿಯಿಂದ. ನಾನು ಹೂಂ ಎಂದದ್ದು ಏನೂ ಗೊತ್ತಿಲ್ಲದೆ. ಅವರು ಮರಿಗಳನ್ನು ಸೊಳ್ಳೆಪರದೆಯ ಬಟ್ಟೆಯಲ್ಲಿ ಹಿಡಿದು, ಕೆಳಗಿಳಿದ ನೀರನ್ನು ತೆಳು ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ಕೆಂಪು ಧೂಳನ್ನೆಲ್ಲ ಒಂದು ಬಕೆಟ್ಟಿಗೆ ತೊಳೆದರು. ಚೀಲಗಳು ಎಷ್ಟು ಚೆನ್ನಾಗಿ ಕಂಡವೆಂದರೆ ಮಾಲೀಕರು ಬೆನ್ನು ತಟ್ಟಿದರು.

ಮಾರನೆಯ ದಿನ ಹೊಂಡದ ಯಜಮಾನರ ಫೋನು ಬಂತು. ನಿವೃತ್ತ ಶಾಲಾ ಮೇಷ್ಟ್ರು, ಮಾತು ಮೆತ್ತಗೆ. ನಾನೇ ಎತ್ತಿದ್ದೆ.

“ಮೂರರಲ್ಲಿ ಒಂದು ಪಾಲು ಕಡಿಮೆ ಉಂಟು ಮಾರಾಯ್ರೆ,” ಎಂದರು. “ಸತ್ತಿದ್ರೆ ಹೆಣ ಕಾಣ್ಬೇಕಿತ್ತಲ್ಲ? ಅಡಿಯಲ್ಲಿ ಒಂದಿಷ್ಟು ಸಿಪ್ಪೆಪುಡಿ ಬಿಟ್ರೆ ಏನೂ ಇಲ್ಲ. ಹೆಣವೂ ಇಲ್ಲ, ಜೀವವೂ ಇಲ್ಲ. ಎಲ್ಲಿಗೆ ಹೋಯ್ತು?”

ಸಿಗಡಿ ಬೆಳೆಯುವಾಗ ಸಿಪ್ಪೆ ಕಳಚುತ್ತದೆ, ಆ ಪುಡಿ ಅದೇ ಎಂದುಕೊಂಡೆವು. ಉಳಿದದ್ದಕ್ಕೆ ಮಾಲೀಕರಿಗೆ ಹೊಳೆದದ್ದು ಒಂದೇ ಅರ್ಥ. ಶೆಡ್ಡಿನಲ್ಲೇ ಯಾರೋ ಮರಿ ತೆಗೆದು ಬೇರೆಯವರಿಗೆ ಕೊಟ್ಟಿದ್ದಾರೆ. ಶೆಡ್ಡಿನಲ್ಲಿ ಇದ್ದದ್ದು ಚಾಚಾ ಮತ್ತು ನಾನು. ಬಾಗಿಲು ಮುಂದೆ ಮಾಡಿ ನನ್ನನ್ನು ಕೇಳಿದರು.

“ಎಣಿಸಿದ್ದು ನೀವೇ ತಾನೆ?”

“ಮೊದಲನೇ ಚೀಲ ನಾನು ಎಣಿಸ್ದೆ ಸರ್. ಮಿಕ್ಕಿದ್ದು ಚಾಚಾ ಅದನ್ನ ನೋಡ್ಕೊಂಡು ಅಳತೆ ಮೇಲೆ ತುಂಬಿದ್ರು.”

ಕೆಲಸ ನಡೆಯುವುದೇ ಹಾಗೆ. ಒಂದು ಚೀಲವನ್ನು ಪೂರ್ತಿ ಎಣಿಸಿ ಪಕ್ಕದಲ್ಲಿಟ್ಟು, ಅದರಲ್ಲಿ ಮರಿಗಳ ದಟ್ಟಣೆ ನೋಡಿ ಉಳಿದವನ್ನು ಸಮ ಮಾಡುತ್ತಾರೆ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಉಳಿದ ಚೀಲಗಳನ್ನೂ ನಾನು ಪಕ್ಕದಲ್ಲೇ ನಿಂತು ನೋಡಿದ್ದೆ, ಎಲ್ಲವೂ ಸಮವಾಗಿದ್ದವು, ಅದನ್ನು ಹೇಳಲಿಲ್ಲ. ಹೇಳಿದ್ದರೆ ಅನುಮಾನ ನನ್ನ ಮೇಲೂ ಬರುತ್ತಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಹೊರಗೆ ಬಂದೆ. ಚಾಚಾ ಬಾಗಿಲ ಹತ್ತಿರವೇ ಕೂತು ಸೊಳ್ಳೆಪರದೆಯ ಹರಿದ ಅಂಚು ಹೊಲಿಯುತ್ತಿದ್ದರು. ತಲೆಯೆತ್ತಿ ನೋಡಲಿಲ್ಲ.

ಹೊಂಡದ ಯಜಮಾನರು ದೊಡ್ಡ ಮನಸ್ಸು ಮಾಡಿ ಇನ್ನೊಂದು ಸಲ ತರಿಸಿದರು. ಹೊಂಡದ ನೀರು ಹದಕ್ಕೆ ಬಂದಿದೆ, ಆ ಹ್ಯಾಚರಿಯಲ್ಲಿ ಆ ಋತುವಿಗೆ ಉಳಿದದ್ದು ಅದೊಂದೇ ತಂಡ ಮರಿ. ಈ ಸಲವೂ ತಪ್ಪಿದರೆ ಅವರ ಹೊಂಡಕ್ಕೆ ಆ ವರ್ಷ ಬೆಳೆಯೇ ಇಲ್ಲ. ಮಾಲೀಕರು ತಾವೇ ಮುಂದಾಗಿ ಬಸ್ಸಿನಲ್ಲಿ ಹೊರಟರು, ಹೊಂಡದ ದಡದಲ್ಲಿ ಕೂತು ಎಣಿಸಿಕೊಳ್ಳಲು. ಹೊರಡುವ ಎಷ್ಟೋ ದಿನ ಮುಂಚೆಯೇ, ಮತ್ತೆ ಬಾಗಿಲು ಮುಂದೆ ಮಾಡಿ, ನನಗೊಬ್ಬಳಿಗೇ ಹೇಳಿದ್ದರು.

“ಅವ್ರ ಕೈ ಮೇಲೆ ಒಂದು ಕಣ್ಣಿಟ್ಟಿರಿ. ಈ ಸಲನೂ ಕಮ್ಮಿ ಬಂದ್ರೆ ಹಳಬರು ಅಂತ ನಾನು ನೋಡೋಲ್ಲ. ಪೊಲೀಸ್‌ಗೆ ಹೇಳೋನೇ.”

ಎರಡನೇ ತಂಡ ಬಂದದ್ದು ಮೊದಲನೆಯದರ ಹತ್ತು ದಿನದ ಮೇಲೆ. ಆ ಹತ್ತು ದಿನವೂ ಬಣ್ಣದ ಮೀನು ಕಟ್ಟುವಾಗಲೂ ನಾನು ಚಾಚಾ ಅವರ ಕೈ ನೋಡುತ್ತಲೇ ಇದ್ದೆ. ನೋಡಲು ಕಷ್ಟವಾಗಲಿಲ್ಲ, ಏಕೆಂದರೆ ಬಿಸಿಲು ಏರಿತೆಂದೋ ಏನೋ, ಅವರು ಇದ್ದಕ್ಕಿದ್ದಂತೆ ತೋಳು ಮಡಚತೊಡಗಿದ್ದರು, ತೋಳಿನ ಬುಡದವರೆಗೆ. ಆಗಲೇ ನಾನು ಅವರ ಎಡಗೈ ನೋಡಿದ್ದು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟು ಸುಕ್ಕುಗಟ್ಟಿದ ಚರ್ಮ. ನೋಡಬಾರದ್ದನ್ನು ನೋಡಿದ ಹಾಗಾಗಿ ಕಣ್ಣು ತೆಗೆದೆ. ಮತ್ತೆ ಮಾಲೀಕರ ಮಾತು ನೆನಪಾಗಿ ನೋಡಿದೆ.

ಆ ಬೆಳಿಗ್ಗೆ ಇಪ್ಪತ್ತನಾಲ್ಕು ಡಬ್ಬ ಬಂದವು. ಒಂದೊಂದರಲ್ಲಿ ಒಂದು ಚೀಲ, ಚೀಲಕ್ಕೆ ಐದು ಸಾವಿರ ಮರಿ. ತಟ್ಟಿದೆ, ಚಿಮ್ಮಿದವು. ಶಾಖ ನೋಡಿದೆ, ಉಪ್ಪಿನಂಶ ನೋಡಿದೆ, ಎರಡೆರಡು ಸಲ. ಟಬ್ಬಿನಲ್ಲಿ ಅದೇ ಕೆಂಪು ಧೂಳು. ಚಾಚಾ ಕೇಳಲೂ ಇಲ್ಲ, ಹಿಂದಿನ ಸಲದ ಹಾಗೆಯೇ ಸೋಸಿದರು. ರಸೆಲ್ ಮಾರ್ಕೆಟ್ಟಿನಿಂದ ತಂದ ಐಸನ್ನು ಕವರಿಗೆ ತುಂಬಿ, ನ್ಯೂಸ್ ಪೇಪರಿನಲ್ಲಿ ಸುತ್ತಿ ಡಬ್ಬದ ಮೂಲೆಗಿಟ್ಟರು. ನೀರು ತಣ್ಣಗಾದಷ್ಟೂ ಮರಿಗಳು ಮಂಕಾಗಿ ಸುಮ್ಮನಿರುತ್ತವೆ. ಸಿಲಿಂಡರಿನ ಕೀಲಿ ತಿರುಗಿಸಿದಾಗಲೆಲ್ಲ ಹುಸ್ಸೆಂದು ಆಕ್ಸಿಜನ್ ನುಗ್ಗುತ್ತಿತ್ತು, ಆಗಲೆಲ್ಲ ನಾನು ಬಾಗಿಲ ಹತ್ತಿರ. ಆ ಸಿಲಿಂಡರಿನ ಪಕ್ಕ ನಿಂತರೆ ಅದು ಸಿಡಿದು ಜೋಗುಪಾಳ್ಯವೆಲ್ಲ ಹಾರಿಹೋಗುತ್ತದೆ ಎಂದೇ ನನ್ನ ನಂಬಿಕೆ.

ಹೆದರುವವರಿಗೆ ಒಂದು ಚಾಳಿ ಇರುತ್ತದೆ, ಎಲ್ಲದಕ್ಕೂ ಒಂದು ಸಾಕ್ಷಿ ಇಟ್ಟುಕೊಳ್ಳುವುದು. ನಾನೂ ಯಾರೂ ಹೇಳದೆಯೇ ಹ್ಯಾಚರಿಯವರು ಹೆಚ್ಚಿಗೆ ಹಾಕಿದ್ದರಲ್ಲಿ ಐನೂರು ಮರಿ ಎಣಿಸಿ ಒಂದು ಸಣ್ಣ ಚೀಲಕ್ಕೆ ಹಾಕಿದೆ. ಚಮಚದಲ್ಲಿ ಎತ್ತಿ, ಬಿಳಿ ಬಸಿಯಲ್ಲಿಟ್ಟು, ಹತ್ತು ಹತ್ತು. ಚಾಚಾ ಅದಕ್ಕೂ ಗಾಳಿ ತುಂಬಿ ಕಟ್ಟಿಕೊಟ್ಟರು. ಅದನ್ನು ನನ್ನ ಮೇಜಿನ ಮೇಲೆ, ನನ್ನ ಕಣ್ಣೆದುರಿಗೇ ಇಟ್ಟುಕೊಂಡೆ. ಹೊಂಡದಲ್ಲಿ ಲೆಕ್ಕ ತಪ್ಪಿದರೂ ನನ್ನ ಎಣಿಕೆ ಸರಿಯಿತ್ತು ಎಂದು ತೋರಿಸಬಹುದಲ್ಲ. ಚಾಚಾ ಅವರನ್ನು ಉಳಿಸಲು ಅಲ್ಲ, ನನ್ನನ್ನು ಉಳಿಸಿಕೊಳ್ಳಲು. ಇದನ್ನು ಈಗ ಹೇಳಲು ನಾಚಿಕೆಯಾಗುತ್ತದೆ.

ಹನ್ನೊಂದು ಗಂಟೆಗೆ ಡಬ್ಬಗಳು ಟೆಂಪೋ ಏರಿದವು. ಡ್ರೈವರ್ ಮರ್ಫಿ ಟೌನಿನವರು, ಕಾರ್ಗೋದಲ್ಲಿ ಒಪ್ಪಿಸಿ ರಸೀದಿ ತಂದುಕೊಟ್ಟು ಊಟಕ್ಕೆ ಮನೆಗೆ ಹೋದರು. ವಿಮಾನ ನಾಲ್ಕೂ ಕಾಲಿಗೆ. ಹನ್ನೆರಡೂವರೆಗೆ ನಾನು ಬುತ್ತಿ ಬಿಚ್ಚಿದೆ. ಒಂದು ಚಪಾತಿ ತಿಂದು ಡಬ್ಬಿ ಮುಚ್ಚಿದೆ. ಬೀಗ ಎಳೆದು ನೋಡುವ ಅದೇ ಚಾಳಿಯಿಂದ ಮೇಜಿನ ಮೇಲಿದ್ದ ಚೀಲ ಬಿಚ್ಚಿ ಮತ್ತೆ ಎಣಿಸತೊಡಗಿದೆ.

ನಾನೂರ ನಲವತ್ತೊಂಬತ್ತು.

ಕೈ ತಪ್ಪಿದೆ ಎಂದುಕೊಂಡು ಇನ್ನೊಂದು ಬಸಿಗೆ ಹಾಕುತ್ತಾ ಎಣಿಸಿದೆ. ನಾನೂರ ನಲವತ್ತೇಳು. ಬೆಳಗಿನಿಂದ ಆ ಚೀಲವನ್ನು ಯಾರೂ ಮುಟ್ಟಿಲ್ಲ. ನಾನು ಮೇಜು ಬಿಟ್ಟು ಎದ್ದಿಲ್ಲ. ಎರಡು ಎಣಿಕೆಯ ನಡುವೆ, ನನ್ನ ಕಣ್ಣ ಮುಂದೆ, ಎರಡು ಮರಿ ಇಲ್ಲವಾಗಿದ್ದವು. ಹಗಲು ಹೊತ್ತಿನಲ್ಲಿ, ಹೊರಗೆ ತರಕಾರಿ ಗಾಡಿಯವನು ಕೂಗುತ್ತಿರುವಾಗ, ನನಗೆ ನಿಜಕ್ಕೂ ದೆವ್ವದ ಭಯವಾಯಿತು.

ಭೂತಗನ್ನಡಿ ಹಿಡಿದು ಬಗ್ಗಿದೆ. ಬಸಿಯ ಅಂಚಿನಲ್ಲಿ ಒಂದು ಮರಿ ಮಗ್ಗುಲಾಗಿ ಬಿದ್ದಿತ್ತು. ಆಗಷ್ಟೇ ಸಿಪ್ಪೆ ಕಳಚಿತ್ತು, ಮೈ ಹಾಲಿನ ಕೆನೆಯ ಹಾಗೆ ಮೆತ್ತಗಿತ್ತು. ಅದರ ಬಾಲಕ್ಕೆ ಒಂದು ಮರಿ ಹತ್ತಿಕೊಂಡಿತ್ತು, ಕಣ್ಣಿಗೆ ಇನ್ನೊಂದು. ಬಿದ್ದದ್ದು ಕಾಲಾಡಿಸುತ್ತಲೇ ಇತ್ತು. ನೋಡುತ್ತಿದ್ದ ಹಾಗೆ ಬಾಲ ಹೋಯಿತು, ಹೊಟ್ಟೆ ಹೋಯಿತು, ಉಳಿದದ್ದು ಒಂದು ಚೂರು ಸಿಪ್ಪೆ ಮಾತ್ರ. ಹೆಣವೂ ಇಲ್ಲ, ಜೀವವೂ ಇಲ್ಲ. ಅವು ಹಸಿದು ಒಂದನ್ನೊಂದು ತಿನ್ನುತ್ತಿದ್ದವು.

ಅಷ್ಟರಲ್ಲಿ ಚಾಚಾ ನಮಾಜು ಮುಗಿಸಿ ಬಂದು, ಮೂಲೆಯ ತೊಟ್ಟಿಯಲ್ಲಿದ್ದ ಬಣ್ಣದ ಮೀನುಗಳಿಗೆ ಬಕೆಟ್ಟಿನ ಕೆಂಪು ಧೂಳನ್ನು ಪಿಚಕಾರಿಯಲ್ಲಿ ಹಾಕುತ್ತಿದ್ದರು. ಮೀನುಗಳು ಮುಗಿಬಿದ್ದು ನುಂಗುತ್ತಿದ್ದವು.

“ಚಾಚಾ, ಅದನ್ನ ಅವು ತಿಂತಾವಾ?”

“ತಿಂತಾವಾ ಅಂತ ಕೇಳ್ತೀರಾ ಮೇಡಂ? ಹೋದ್ಸಲ ಹಾಕಿದ್ದೆ, ಬಿರಿಯಾನಿ ಸಿಕ್ದಂಗೆ ಮಾಡಿದ್ವು. ಅದಕ್ಕೇ ಈ ಸಲನೂ ಎತ್ತಿಟ್ಕೊಂಡೆ.”

ನಾನು ಪಿಚಕಾರಿ ಕಸಿದುಕೊಂಡು ಒಂದು ಹನಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. ಧೂಳಲ್ಲ. ಒಂದೊಂದು ಕಣಕ್ಕೂ ಕಾಲುಗಳಿದ್ದವು, ಈಜುತ್ತಿದ್ದವು. ಕಾರ್ಬನ್ ಪ್ರತಿಯನ್ನು ಕಿಟಕಿಗೆ ಹಿಡಿದು ಕೊನೆಯ ಸಾಲು ಓದಿದೆ. ಆ ಪದದ ಮುಂದೆ ಮಸುಕಾಗಿದ್ದ ಇಂಗ್ಲಿಷ್ ಮಾತು ಈಗ ಕಂಡಿತು, ದಾರಿಗೆ ಮೇವು ಹಾಕಿದೆ ಎಂದು.

“ಚಾಚಾ, ಇದು ಕಸ ಅಲ್ಲ,” ಎಂದೆ. “ಬುತ್ತಿ. ಹ್ಯಾಚರಿಯವ್ರು ಮರಿಗಳಿಗೆ ದಾರಿಗೆ ಅಂತ ಕಟ್ಟಿ ಕಳ್ಸಿದ್ದು. ನಾವು ತೆಗೆದ್ಬಿಟ್ವಿ. ಅವು ಒಂದನ್ನೊಂದು ತಿಂತಾ ಇವೆ.”

ಅವರು ಬಸಿಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. “ಯಾ ಅಲ್ಲಾ,” ಎಂದು ಮೆಲ್ಲಗೆ ಅಂದರು. ಆಮೇಲೆ, “ನಾನೇ ಸೋಸಿದ್ದು.”

ನನ್ನ ಮೇಜಿನ ಮೇಲಿನ ಚೀಲ ಐಸಿಲ್ಲದೆ ಬೆಚ್ಚಗಿತ್ತು, ಅದಕ್ಕೇ ಅದರಲ್ಲಿ ಎಣಿಕೆ ಬೇಗ ಕರಗಿತು. ಡಬ್ಬಗಳಲ್ಲಿ ನಿಧಾನ. ಆದರೆ ಹೊಂಡ ಮುಟ್ಟಲು ಇನ್ನೂ ಎಂಟು ಗಂಟೆಯ ದಾರಿ. ಮತ್ತೆ ಮೂರರಲ್ಲೊಂದು ಪಾಲು ಹೋಗುವುದು ಖಂಡಿತ, ಅಲ್ಲಿ ಮಾಲೀಕರು ದಡದಲ್ಲಿ ಕೂತು ಎಣಿಸುವುದೂ ಖಂಡಿತ. ಹೊಂಡದ ಯಜಮಾನರ ಮನೆಗೆ ಫೋನು ಮಾಡಿದೆ. ಎತ್ತಿದ ಹೆಂಗಸು ಗಂಡಸರೆಲ್ಲ ಮಂಗಳೂರಿಗೆ ಹೊರಟುಹೋದರು ಎಂದರು. ಆಗ ಮೊಬೈಲು ನಮ್ಮಂಥವರ ಬಳಿ ಎಲ್ಲಿತ್ತು. ಕೇಳಲು ಯಾರೂ ಇರಲಿಲ್ಲ.

ಆಗ ಒಂದು ಯೋಚನೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಬಸಿಯ ನೀರನ್ನು ಮೋರಿಗೆ ಚೆಲ್ಲಿ, ಆ ಕಾಗದವನ್ನು ಮಡಚಿಟ್ಟು, ಸುಮ್ಮನಿದ್ದುಬಿಟ್ಟರೆ? ಹೂಂ ಎಂದವಳು ನಾನು ಎಂದು ಯಾರಿಗೆ ಗೊತ್ತು? ಮಾಲೀಕರ ಅನುಮಾನ ಆಗಲೇ ಒಂದು ಕಡೆ ಹೋಗಿ ನಿಂತಿದೆ. ನಾನು ಬಾಯಿ ಬಿಡದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಈ ಯೋಚನೆ ಬಂದಷ್ಟೂ ಹೊತ್ತು ಚಾಚಾ ಆ ಸುಟ್ಟ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದರು, ಏನು ಮಾಡೋಣ ಎಂದು. ಆ ನೋಟಕ್ಕೆ ನನಗೆ ಪೊಲೀಸರಿಗಿಂತ ಹೆಚ್ಚು ಭಯವಾಯಿತು.

“ಬಕೆಟ್ ತಗೊಳ್ಳಿ,” ಎಂದೆ. “ಸಿಲಿಂಡರ್ ಟೆಂಪೋಗೆ ಹಾಕ್ಸಿ. ಏರ್‌ಪೋರ್ಟ್‌ಗೆ ಹೋಗೋಣ.”

ಡ್ರೈವರ್ ಅರ್ಧ ಊಟ ಬಿಟ್ಟು ಬಂದರು. ಹಲಸೂರು ದಾಟಿ ಹಂಡ್ರೆಡ್ ಫೀಟ್ ರೋಡ್ ಹಿಡಿದು ಹೋಗುವಾಗ ಹಿಂದೆ ಸಿಲಿಂಡರ್ ಉರುಳಿ ಟೆಂಪೋ ಗೋಡೆಗೆ ಬಡಿಯುತ್ತಿತ್ತು. ಒಂದೊಂದು ಬಡಿತಕ್ಕೂ ನಾನು ಕಣ್ಣು ಮುಚ್ಚುತ್ತಿದ್ದೆ. ಬಕೆಟ್ಟು ನನ್ನ ಕಾಲುಗಳ ನಡುವೆ, ಸೀರೆಯೆಲ್ಲ ಉಪ್ಪುನೀರು.

ಕಾರ್ಗೋ ಕೌಂಟರಿನ ಗುಮಾಸ್ತರು ಮೊದಲು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಒಳಗೆ ಹೋದ ಮಾಲು ಹೊರಗೆ ಬರೋಲ್ಲ ಮೇಡಂ. ತೂಕ ಆಗಿದೆ, ಲೇಬಲ್ ಆಗಿದೆ.”

“ಅದು ಮಾಲಲ್ಲ ಸರ್, ಜೀವ. ಒಂದನ್ನೊಂದು ತಿಂತಾ ಇವೆ.”

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಬಿಸಿಲಿಗೆ ತಲೆ ಕೆಟ್ಟಿರಬೇಕು ಎಂದುಕೊಂಡಿರಬಹುದು. ಕೊನೆಗೆ ಒಂದು ಬಿಳಿ ಹಾಳೆ ತಳ್ಳಿದರು. “ಬರ್ದು ಕೊಡಿ. ಯಾಕೆ ವಾಪಸ್ ತಗೋತಿದ್ದೀರಿ, ಯಾರ ತಪ್ಪು, ಎಲ್ಲಾ ಬರೀರಿ. ನಾಳೆ ನಮ್ಮ ಮೇಲೆ ಬರ್ಬಾರ್ದು. ಎರಡೂವರೆಗೆ ಕೌಂಟರ್ ಕ್ಲೋಸ್. ಅಷ್ಟರೊಳಗೆ ಎಷ್ಟು ಡಬ್ಬ ತಂದಿರೋ ಅಷ್ಟೇ ಹೋಗೋದು.”

ಬರೆದೆ. ಯಾರ ತಪ್ಪು ಎಂಬಲ್ಲಿ ಪೆನ್ನು ನಿಂತಿತು. ‘ನಮ್ಮ ಪ್ಯಾಕಿಂಗ್‌ನಲ್ಲಿ ಆದ ತಪ್ಪು’ ಎಂದು ಬರೆದರೆ ಸಾಕಿತ್ತು. ಪ್ಯಾಕಿಂಗ್ ಯಾರದು ಎಂದು ಕೇಳಿದರೆ ಎಲ್ಲರೂ ಚಾಚಾ ಅವರನ್ನೇ ತೋರಿಸುತ್ತಾರೆ. ಗುಮಾಸ್ತರು ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದಿದರು. “ಮರಿಗಳ ಮೇವನ್ನು ಕಸವೆಂದು ತೆಗೆಯಲು ಹೇಳಿದ್ದು ನಾನು. ತಪ್ಪು ನನ್ನದು.” ಹಿಂದೆ ನಿಂತಿದ್ದ ಚಾಚಾ ಬಕೆಟ್ಟು ಎತ್ತಿಕೊಂಡರು.

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಡಬ್ಬಗಳು ಗೇಟಿನ ಹೊರಗೆ ಬಂದವು. ಒಂದು ಮಳೆಮರದ ಕೆಳಗೆ ಟೆಂಪೋ ನಿಲ್ಲಿಸಿ ಅದರ ಹಿಂಬಾಗಿಲನ್ನೇ ಮೇಜು ಮಾಡಿಕೊಂಡೆವು. ಮೊದಲ ತೊಂದರೆ ಬಕೆಟ್ಟಿನಲ್ಲೇ. ಬೆಳಗಿನಿಂದ ಕೂತಿದ್ದ ಮೇವಿನಲ್ಲಿ ಅರ್ಧ ಸತ್ತು ತಳಕ್ಕಿಳಿದಿತ್ತು. ಸತ್ತದ್ದು ಚೀಲಕ್ಕೆ ಹೋದರೆ ನೀರು ಕೊಳೆತು ಎಲ್ಲವೂ ಸಾಯುತ್ತವೆ. ಆಗ ಆ ಧೂಳು ಕಿಟಕಿಯ ಕಡೆ ಸರಿದದ್ದು ನೆನಪಾಯಿತು. ಚಾಚಾ ಅವರ ಕಪ್ಪು ಛತ್ರಿಯಿಂದ ಬಕೆಟ್ಟು ಮುಚ್ಚಿ, ಒಂದು ಮೂಲೆಯಲ್ಲಿ ಬಿಸಿಲು ಬೀಳಲು ಎಡೆ ಬಿಟ್ಟೆ. ಎರಡೇ ನಿಮಿಷ. ಜೀವವಿದ್ದದ್ದೆಲ್ಲ ಆ ಬೆಳಕಿನ ತುಂಡಿಗೆ ಬಂದು ಕೆಂಪಗೆ ಗುಂಪಾಯಿತು. ಪಿಚಕಾರಿಯಲ್ಲಿ ಅದನ್ನಷ್ಟೇ ಎಳೆದುಕೊಂಡೆವು.

“ಮೇಡಂ, ಗಾಳಿ ನೀವು ಬಿಡ್ಬೇಕು,” ಎಂದರು ಚಾಚಾ. “ನಾನು ಬಿಚ್ಚಿ ಮೇವು ಹಾಕ್ತೀನಿ, ಕಟ್ತೀನಿ. ಎರಡು ಕೈಯಲ್ಲಿ ಮೂರು ಕೆಲಸ ಆಗೋಲ್ಲ.”

“ನನಗೆ ಬರೋಲ್ಲ ಚಾಚಾ. ಅದು ಸಿಡಿದ್ರೆ?”

“ಮೂವತ್ತು ವರ್ಷದಲ್ಲಿ ಸಿಡಿದಿಲ್ಲ. ನಿಮ್ಮನ್ನ ನೋಡಿ ಯಾಕೆ ಸಿಡಿಯುತ್ತೆ? ಮೆಲ್ಲಗೆ ತಿರುಗ್ಸಿ, ನಲ್ಲಿ ತಿರುಗ್ಸಿದಂಗೆ.”

ತಿರುಗಿಸಿದೆ. ಹುಸ್ಸೆಂದಿತು. ಕಣ್ಣಿನಲ್ಲಿ ನೀರು ಬಂತು, ಕೈ ಬಿಡಲಿಲ್ಲ. ಅವರು ಚೀಲದ ಬಾಯಿ ಬಿಚ್ಚುವುದು, ಪಿಚಕಾರಿ ಒತ್ತುವುದು, ಪೈಪು ತೂರಿಸುವುದು. ನಾನು ಕೀಲಿ ತಿರುಗಿಸುವುದು, ಚೀಲ ಉಬ್ಬಿದೊಡನೆ ಮುಚ್ಚುವುದು. ಅವರು ತಿರುಚಿ ಕಟ್ಟುವುದು. ಡ್ರೈವರ್ ಐಸು ಸರಿಪಡಿಸಿ ಟೇಪು ಸುತ್ತಿ ಗೇಟಿನೊಳಗೆ ಓಡುವುದು. ಹತ್ತು ಡಬ್ಬ ಆಗುವ ಹೊತ್ತಿಗೆ ನನ್ನ ಕೈಗೆ ಲಯ ಸಿಕ್ಕಿತು, ಭಯ ಮಾತ್ರ ಇದ್ದಲ್ಲೇ ಇತ್ತು.

ಹದಿಮೂರನೆಯದಕ್ಕೆ ರಬ್ಬರ್ ಬ್ಯಾಂಡ್ ಮುಗಿಯಿತು. ಅವಸರದಲ್ಲಿ ಒಂದೇ ಪೊಟ್ಟಣ ತಂದಿದ್ದೆ. ಬಿಚ್ಚಿದ ಚೀಲ ಹಿಡಿದುಕೊಂಡು ನಾನು ಅಳುವುದೊಂದು ಬಾಕಿ. ಡ್ರೈವರ್ ಸೀಟಿನ ಕೆಳಗಿಂದ ಒಂದು ಹಳೆಯ ಸೈಕಲ್ ಟ್ಯೂಬ್ ಎಳೆದರು.

“ಇದು ನಡೀತದಾ ಚಾಚಾ,” ಎಂದು ಬ್ಲೇಡಿನಿಂದ ಉಂಗುರ ಉಂಗುರವಾಗಿ ಕತ್ತರಿಸಿ ಕೊಟ್ಟರು.

ಆ ಟ್ಯೂಬು ದಪ್ಪ, ಗಡುಸು. ಒಂದೊಂದನ್ನು ಸುತ್ತುವಾಗಲೂ ಚಾಚಾ ಹಲ್ಲು ಕಚ್ಚುತ್ತಿದ್ದರು. ಬೆರಳ ಸಂದಿಗಳಲ್ಲಿ ಚರ್ಮ ಕಿತ್ತು ರಕ್ತ ಜಿನುಗಿತು. ಉಪ್ಪುನೀರು ತಾಗಿ ಉರಿಯುತ್ತಿರಬೇಕು, ಅವರು ಹೇಳಲಿಲ್ಲ. ನಾನು ಕೇಳಿದರೆ, “ಗಾಳಿ ಬಿಡಿ, ಗಾಳಿ ಬಿಡಿ,” ಎಂದಷ್ಟೇ.

ಇಪ್ಪತ್ತೆರಡು ಮುಗಿದಾಗ ಗುಮಾಸ್ತರು ಗೇಟಿಗೆ ಬಂದು ಗಡಿಯಾರ ತೋರಿಸಿದರು. ಇನ್ನೈದು ನಿಮಿಷ ಕೊಡಿ ಎಂದು ಬೇಡಿಕೊಂಡೆ. ಅವರು ತಲೆಯಾಡಿಸಿದರು. ಸಿಟ್ಟಿರಲಿಲ್ಲ, ಆದರೆ ಇಲ್ಲವೆಂದರೆ ಇಲ್ಲ. ಉಳಿದ ಎರಡು ಡಬ್ಬಗಳನ್ನು ಬಿಚ್ಚಿಯೇ ಇರಲಿಲ್ಲ. ಅವುಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ‘ಮೇವಿಲ್ಲ’ ಎಂದು ಬರೆದು ಹಾಗೆಯೇ ಒಳಗೆ ಕಳಿಸಿದೆ. ಅದೇಕೆ ಬರೆದೆನೋ ಗೊತ್ತಿಲ್ಲ, ಆಗಲೂ ಸಾಕ್ಷಿ ಇಟ್ಟುಕೊಳ್ಳುವ ಚಾಳಿಯೇ ಇರಬೇಕು.

ನಾಲ್ಕೂ ಕಾಲಿಗೆ ವಿಮಾನ ಮರಗಳ ಮೇಲೆ ಹಾದುಹೋಯಿತು. ಮೂವರೂ ತಲೆಯೆತ್ತಿ ನೋಡಿದೆವು. ಚೀಲಗಳು ಬಿಗಿಯಾಗಿವೆಯೋ, ಟ್ಯೂಬಿನ ಕಟ್ಟು ಸಡಿಲವಾಗಿ ಗಾಳಿ ಹೋದರೆ ಏನು ಗತಿ, ಮೇವು ಸಾಕಾಯಿತೋ, ಹೆಚ್ಚಾಗಿ ನೀರು ಕೆಟ್ಟರೋ. ಒಂದು ಭಯ ಹೋದ ಜಾಗಕ್ಕೆ ಹತ್ತು ಬಂದು ಕೂತವು. ಮನೆಗೆ ಹೋಗಿ ಅನ್ನದ ಮುಂದೆ ಕೂತರೆ ಒಂದೊಂದು ಅಗುಳೂ ಮರಿಯ ಹಾಗೆ ಕಂಡಿತು.

ಮಾರನೆಯ ಬೆಳಿಗ್ಗೆ ಎಂಟಕ್ಕೇ ಶೆಡ್ಡಿನ ಬಾಗಿಲು ತೆಗೆದು ಫೋನಿನ ಮುಂದೆ ಕೂತೆ. ಎಂಟೂ ಮುಕ್ಕಾಲಿಗೆ ಅದು ಕೂಗಿತು.

“ಇಪ್ಪತ್ತೆರಡು ಡಬ್ಬ ಸರಿಯಾಗಿದೆ,” ಎಂದರು ಮಾಲೀಕರು. “ಯಜಮಾನ್ರು ತಮ್ಮ ಕೈಯಾರ ಎಣಿಸಿದ್ರು. ಹೊಂಡಕ್ಕೆ ಬಿಟ್ಟಾಯ್ತು, ಚೆನ್ನಾಗಿ ಓಡಾಡ್ತಾ ಇವೆ. ಎರಡು ಡಬ್ಬದಲ್ಲಿ ಮಾತ್ರ ಮೂರರಲ್ಲೊಂದು ಪಾಲು ಇಲ್ಲ. ಅದರ ಮೇಲೆ ನಿಮ್ಮ ಅಕ್ಷರದಲ್ಲಿ ಏನೋ ಬರ್ದಿದೆಯಲ್ಲ, ಏನದು?”

ಹೇಳಿದೆ. ಒಂದೇ ಉಸಿರಿಗೆ, ನಿಲ್ಲಿಸಿದರೆ ಮತ್ತೆ ಹೆದರುತ್ತೇನೆ ಎಂದು. ಮೇವು, ನನ್ನ ಹೂಂ, ಹತ್ತು ದಿನದ ಹಿಂದೆ ಅವರು ಕೇಳಿದಾಗ ನಾನು ನುಂಗಿಕೊಂಡ ಮಾತು.

“ಅದೇನು ಅಂತ ಹ್ಯಾಚರಿಯವ್ರನ್ನ ಒಂದು ಮಾತು ಕೇಳೋದಲ್ವೇನ್ರೀ?”

“ಗೊತ್ತಿಲ್ಲ ಅಂತ ಹೇಳೋಕೆ ಭಯ ಆಯ್ತು ಸರ್.”

“ನಾನೂ ಕೇಳ್ಲಿಲ್ಲ ಬಿಡಿ,” ಎಂದರು. “ಬಂದು ಮಾತಾಡ್ತೀನಿ. ಅವ್ರಿಗೆ ನಾನು ಹೀಗೆ ಅನ್ಕೊಂಡಿದ್ದೆ ಅಂತ ಹೇಳ್ಬೇಡಿ.”

ಚಾಚಾ ಒಂಬತ್ತಕ್ಕೆ ಬಂದರು. ಎರಡು ಕೈಯ ಬೆರಳುಗಳಿಗೂ ಬಟ್ಟೆ ಸುತ್ತಿತ್ತು. ಇಪ್ಪತ್ತೆರಡು ಸರಿಯಿದೆ ಎಂದೆ. ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಮಾಲೀಕರು ಹೇಳಬೇಡಿ ಎಂದದ್ದನ್ನು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

“ಚಾಚಾ, ಹೋದ್ಸಲ ಕಮ್ಮಿ ಬಂದಾಗ ಅನುಮಾನ ನಿಮ್ಮ ಮೇಲೆ ಬಂದಿತ್ತು. ನಿಮ್ಮ ಕೈ ಮೇಲೆ ಕಣ್ಣಿಡೋಕೆ ನನಗೆ ಹೇಳಿದ್ರು. ಇಟ್ಟಿದ್ದೆ.”

“ಗೊತ್ತಿತ್ತು ಬೇಟಿ,” ಎಂದರು. ಅದುವರೆಗೆ ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದವರು. “ಬಾಗಿಲು ಅಷ್ಟೊಂದು ದಪ್ಪ ಇಲ್ಲ. ಅದಕ್ಕೇ ತೋಳು ಮೇಲೆ ಮಾಡ್ಕೊಂಡಿದ್ದೆ. ತೋಳೊಳಗೆ ಏನೂ ಇಲ್ಲ ಅಂತ ನಿಮಗೆ ಕಾಣ್ಲಿ ಅಂತ.”

ಅವರು ಮಡಚಿದ್ದ ತೋಳುಗಳನ್ನು ಒಂದೊಂದೇ ಸುತ್ತು ಬಿಡಿಸಿ ಕೆಳಗೆ ಎಳೆದುಕೊಂಡರು. ಸುಟ್ಟ ಚರ್ಮ ಅಂಗಿಯೊಳಗೆ ಹೋಯಿತು. ಮಣಿಕಟ್ಟಿನ ಗುಂಡಿ ಹಾಕಲು ನೋಡಿದರು, ಬಟ್ಟೆ ಸುತ್ತಿದ ಬೆರಳಿಗೆ ಗುಂಡಿ ಸಿಗಲಿಲ್ಲ. ಎರಡು ಸಲ ನೋಡಿ, ಕೈಯನ್ನು ಸುಮ್ಮನೆ ನನ್ನ ಮುಂದೆ ಚಾಚಿದರು. ನಾನು ಗುಂಡಿ ಹಾಕಿದೆ.